ಆರು ಸಂಜೆಗಳ ಚೇಂಬರ್ ಸಂಗೀತೋತ್ಸವವನ್ನು ಹೆಣೆದ ಬಗೆ

ಚೇಂಬರ್ ಸಂಗೀತದ, ಅಂದರೆ ಕೆಲವೇ ವಾದಕರು ಕೂಡಿ ನುಡಿಸುವ ಪಾಶ್ಚಾತ್ಯ ಸಂಗೀತದ, ಉತ್ಸವವೊಂದರ ಕಾರ್ಯಕ್ರಮವನ್ನು ರೂಪಿಸುವ ಹೊಣೆ ಮೊದಲ ಸಲ ನನ್ನ ಪಾಲಿಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ, ನನಗೆ ಪ್ರಿಯವಾದ ಕೃತಿಗಳ ಪಟ್ಟಿಯೊಂದನ್ನು ಬರೆದುಕೊಂಡದ್ದು. ಹತ್ತು ದಿನಗಳಲ್ಲಿ ಆರು ಕಛೇರಿಗಳು ನಡೆಯಬೇಕಿತ್ತು. ಉತ್ಸವದ ಉದ್ದಕ್ಕೂ ನಮ್ಮೊಡನೆ ಇರಲು ಒಪ್ಪಿದ್ದ ಒಂದು ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೋಲಿನ್, ಒಂದು ವಿಯೋಲಾ, ಒಂದು ಚೆಲ್ಲೊ ನುಡಿಸುವ ನಾಲ್ವರ ತಂಡ), ಅತಿಥಿಗಳಾಗಿ ಒಬ್ಬ ಪಿಯಾನೊ ವಾದಕಿ, ಒಬ್ಬ ಕ್ಲಾರಿನೆಟ್ ವಾದಕರು, ಇನ್ನೊಬ್ಬ ಚೆಲ್ಲೊ ವಾದಕಿ, ಇಷ್ಟೇ ನಮ್ಮ ಬಳಗ. ಎರಡು ವಾರ ಆ ಪಟ್ಟಿಯನ್ನು ತಿದ್ದುತ್ತ ಕುಳಿತ ಮೇಲೆ ಒಂದು ವಿಷಯ ನನಗೆ ಸ್ಪಷ್ಟವಾಯಿತು: ಯಾವ ಕೃತಿಗೆ ಎಷ್ಟು ತಾಸಿನ ತಾಲೀಮು ಬೇಕು ಎಂಬ ಲೆಕ್ಕವನ್ನು ಹಾಕದೆ ಕೃತಿಗಳನ್ನು ಆರಿಸಲು ಹೊರಡಬಾರದು.

ವರ್ಷಗಳಿಂದ ಜೊತೆಯಾಗಿ ನುಡಿಸುತ್ತಿರುವ ಕ್ವಾರ್ಟೆಟ್ ತನಗೆ ಕರಗತವಾದ ಹೈಡನ್ ಕೃತಿಯೊಂದನ್ನು ಸಭಾಂಗಣದ ನಾದಕ್ಕೆ ಹೊಂದಿಸಿಕೊಳ್ಳಲು ಮುಕ್ಕಾಲು ಗಂಟೆ ಸಾಕು. ಅದೇ ನಾಲ್ವರ ನಡುವೆ ಹೊಸಬರೊಬ್ಬರು ಬಂದು ಕುಳಿತರೆ ಲೆಕ್ಕವೇ ಬದಲಾಗುತ್ತದೆ. ಕಮಾನನ್ನು ಎಲ್ಲಿ ತಿರುಗಿಸಬೇಕು, ಸ್ವರವೊಂದನ್ನು ಎಷ್ಟು ಕಂಪಿಸಬೇಕು, ಉಸಿರನ್ನು ಎಲ್ಲಿ ಬಿಡಬೇಕು ಎಂಬುದರ ಬಗ್ಗೆ ಆ ನಾಲ್ವರು ಮಾತಿಲ್ಲದೆ ಮಾಡಿಕೊಂಡಿರುವ ಒಪ್ಪಂದಗಳನ್ನೆಲ್ಲ ಐದನೆಯವರಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಇಂಥ ಪ್ರತಿ ಕೃತಿಗೂ ಮೂರು ಮೂರು ಗಂಟೆಗಳ ನಾಲ್ಕು ತಾಲೀಮುಗಳನ್ನು ನಾನು ಕಾಯ್ದಿರಿಸಿದೆ. ಹಾಗೆ ಮಾಡಿದ ಕೂಡಲೇ ಪಟ್ಟಿಯ ಅರ್ಧ ಭಾಗ ತಾನಾಗಿಯೇ ಉದುರಿಹೋಯಿತು. ಮೆಂಡೆಲ್ಸನ್ 1825ರಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ ಎಂಟು ತಂತಿವಾದ್ಯಗಳಿಗಾಗಿ ಬರೆದ ಆಕ್ಟೆಟ್ ಅನ್ನು ಬಿಟ್ಟುಕೊಡುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಅದಕ್ಕೆ ಇನ್ನೂ ಇಬ್ಬರು ವಯೋಲಿನ್ ವಾದಕರೂ ಒಬ್ಬ ವಿಯೋಲಾ ವಾದಕರೂ ಬೇಕಿದ್ದರು. ಎಂಟು ಮಂದಿಯೂ ಸಿಂಫನಿಯ ವಾದ್ಯವೃಂದದ ರೀತಿಯಲ್ಲಿ ನುಡಿಸಬೇಕು, ಮೆಲುದನಿ ಮತ್ತು ಏರುದನಿಗಳ ಗುರುತುಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದು ರಚನಕಾರನೇ ಸ್ವರಲಿಪಿಯಲ್ಲಿ ಸೂಚಿಸಿರುವ ಆ ಕೃತಿಯನ್ನು ಎರಡು ತಾಲೀಮುಗಳಲ್ಲಿ ಮುಗಿಸಿ ವೇದಿಕೆಗೆ ತರಲು ನನಗೆ ಮನಸ್ಸಾಗಲಿಲ್ಲ.

ಕ್ಲಾರಿನೆಟ್ ಕ್ವಿಂಟೆಟ್‌ಗಳ, ಅಂದರೆ ಕ್ವಾರ್ಟೆಟ್‌ನೊಡನೆ ಕ್ಲಾರಿನೆಟ್ ಸೇರುವ ಕೃತಿಗಳ, ವಿಷಯದಲ್ಲಿ ನಾನು ದೊಡ್ಡ ತಪ್ಪನ್ನೇ ಮಾಡುವವನಿದ್ದೆ. ಮೊಜಾರ್ಟ್ 1789ರಲ್ಲಿ ಕ್ಲಾರಿನೆಟ್ ವಾದಕ ಆಂಟನ್ ಸ್ಟಾಡ್ಲರ್‌ಗಾಗಿ ಬರೆದದ್ದು ಒಂದು, ಬ್ರಾಮ್ಸ್ 1891ರಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಡ್‌ನ ಕ್ಲಾರಿನೆಟ್ ವಾದನಕ್ಕೆ ಮನಸೋತು ಬರೆದದ್ದು ಇನ್ನೊಂದು. ಎರಡರ ನಡುವೆ ಒಂದು ಶತಮಾನದ ಅಂತರವಿದ್ದರೂ ವಾದ್ಯಗಳು ಅವೇ ಐದು. ಆದ್ದರಿಂದ ಎರಡನ್ನೂ ಒಂದೇ ಸಂಜೆಗೆ ಇಟ್ಟು, ಕಾಗದದ ಮೇಲೆ ಅದು ಎಷ್ಟು ಸೊಗಸಾಗಿ ಕಾಣುತ್ತದೆ ಎಂದು ಹಿಗ್ಗಿದ್ದೆ. ಕ್ಲಾರಿನೆಟ್ ವಾದಕರು ಕರೆ ಮಾಡಿ, "ಎಪ್ಪತ್ತು ನಿಮಿಷ ನುಡಿಸಿದ ತುಟಿಗೆ ಬ್ರಾಮ್ಸ್‌ನ ಕೊನೆಯ ಪುಟಗಳ ಮೆಲುದನಿಯನ್ನು ಹಿಡಿಯುವ ಕಸುವು ಉಳಿದಿರುವುದಿಲ್ಲ, ಆ ಪುಟಗಳೇ ಕೃತಿಯ ಪ್ರಾಣ," ಎಂದರು. ಆ ಮಾತು ಕೇಳುಗರ ಕಿವಿಗೂ ಅನ್ವಯಿಸುತ್ತದೆ ಎಂದು ಆಗ ಹೊಳೆಯಿತು. ಮೊದಲಿನದು ಉಳಿಸಿಹೋದ ಬಣ್ಣದಲ್ಲೇ ಎರಡನೆಯದನ್ನು ಕೇಳುವವರಿಗೆ ಅದರ ಬಿ ಮೈನರ್ ವಿಷಾದ ಅರ್ಧದಷ್ಟೇ ತಲುಪುತ್ತಿತ್ತು. ಮೊಜಾರ್ಟ್‌ನನ್ನು ಎರಡನೆಯ ಸಂಜೆಗೆ, ಬ್ರಾಮ್ಸ್‌ನನ್ನು ನಾಲ್ಕನೆಯದಕ್ಕೆ ಒಯ್ದೆ.

ನಡುವಿನ ಮೂರನೆಯ ಸಂಜೆ ಮೆಸಿಯನ್‌ನ "ಕಾಲಾಂತ್ಯಕ್ಕೊಂದು ಕ್ವಾರ್ಟೆಟ್". ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಯುದ್ಧಕೈದಿಯಾಗಿದ್ದ ಫ್ರೆಂಚ್ ರಚನಕಾರ ಮೆಸಿಯನ್ ಇದನ್ನು ಗೊರ್ಲಿಟ್ಸ್‌ನ ಶಿಬಿರದಲ್ಲಿ 1941ರ ಜನವರಿ 15ರಂದು ಸಹಕೈದಿಗಳೊಡನೆ ಮೊದಲ ಬಾರಿಗೆ ನುಡಿಸಿದ. ವಯೋಲಿನ್, ಕ್ಲಾರಿನೆಟ್, ಚೆಲ್ಲೊ, ಪಿಯಾನೊ ಎಂಬ ಅಪರೂಪದ ಜೋಡಣೆ ಬಂದದ್ದು ಆ ಶಿಬಿರದಲ್ಲಿ ಅವನಿಗೆ ಸಿಕ್ಕ ವಾದಕರಿಂದ. ಸುಮಾರು ಐವತ್ತು ನಿಮಿಷಗಳ ಈ ಕೃತಿಯ ನಂತರ ಬೇರೆ ಏನನ್ನೂ ಇಡಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಆದರೆ ನನ್ನನ್ನು ಕಾಡಿದ್ದು ಕಾರ್ಯಕ್ರಮದ ಕ್ರಮಕ್ಕಿಂತ ಹೆಚ್ಚಾಗಿ ಸಭಾಂಗಣದ ಹವಾನಿಯಂತ್ರಣ. ಮೂರನೆಯ ಭಾಗದಲ್ಲಿ ಕ್ಲಾರಿನೆಟ್ ಒಂದೇ ಇರುತ್ತದೆ. ಕಿವಿಗೆ ಬೀಳುವುದೋ ಇಲ್ಲವೋ ಎಂಬಷ್ಟು ಸಣ್ಣದಾಗಿ ಹೊರಟ ಒಂದೊಂದು ಸ್ವರ ನಿಧಾನವಾಗಿ ಬೆಳೆದು ಇಡೀ ಸಭಾಂಗಣವನ್ನು ತುಂಬುತ್ತದೆ. ತಾಲೀಮಿನಲ್ಲಿ ಕಡೆಯ ಸಾಲಿನಲ್ಲಿ ಕುಳಿತು ಕೇಳಿದರೆ ಆ ಸ್ವರದ ಹುಟ್ಟನ್ನು ಯಂತ್ರದ ಗುಂಯ್‌ಗುಡುವಿಕೆ ಪೂರ್ತಿ ನುಂಗಿಹಾಕಿತ್ತು. ಸ್ವರ ಅರ್ಧ ದಾರಿ ಬೆಳೆದ ಮೇಲಷ್ಟೇ ಅದು ನನಗೆ ಕೇಳಿಸಿತು.

ಯಂತ್ರವನ್ನು ನಿಲ್ಲಿಸಿಬಿಟ್ಟರೆ ಬೇರೊಂದು ತೊಂದರೆ ಎದುರಾಗುತ್ತದೆ. ತುಂಬಿದ ಸಭೆಯ ಉಸಿರಿನಿಂದ ತೇವಾಂಶ ಏರುತ್ತದೆ, ಪಿಯಾನೊದ ಮರ ಆ ತೇವವನ್ನು ಹೀರಿ ಹಿಗ್ಗುತ್ತದೆ, ಶ್ರುತಿ ಮೇಲಕ್ಕೆ ಸರಿಯುತ್ತದೆ, ಅದರಲ್ಲೂ ನಡುಸ್ಥಾಯಿ ಮೊದಲು ಕದಲುತ್ತದೆ. ತಂತಿವಾದ್ಯದವರು ಭಾಗಗಳ ನಡುವೆ ಶ್ರುತಿಯನ್ನು ಸರಿಪಡಿಸಿಕೊಳ್ಳಬಲ್ಲರು, ಪಿಯಾನೊಗೆ ಆ ಅವಕಾಶವಿಲ್ಲ. ಕ್ಲಾರಿನೆಟ್ ತಣ್ಣಗಿದ್ದರೆ ತಗ್ಗುತ್ತದೆ, ಬಿಸಿಯಾದರೆ ಏರುತ್ತದೆ. ಕೊನೆಗೆ ನಾವು ಕಂಡುಕೊಂಡ ದಾರಿ ಹೀಗಿತ್ತು: ಬೆಳಗಿನಿಂದಲೇ ಸಭಾಂಗಣವನ್ನು ಕಛೇರಿಯ ಹೊತ್ತಿನ ತಾಪಮಾನಕ್ಕೆ ತಂದಿಡುವುದು, ಆ ತಾಪಮಾನದಲ್ಲೇ ಪಿಯಾನೊದ ಎ ಸ್ವರವನ್ನು 442 ಹರ್ಟ್ಸ್‌ಗೆ ಶ್ರುತಿ ಮಾಡಿಸುವುದು, ಸಂಜೆಯ ತಾಲೀಮು ಮುಗಿದ ಮೇಲೆ ಶ್ರುತಿಗಾರರು ಮತ್ತೊಮ್ಮೆ ಬಂದು ಕದಲಿದ ಸ್ವರಗಳನ್ನಷ್ಟೇ ಸರಿಪಡಿಸುವುದು, ಮೆಸಿಯನ್ ಆರಂಭವಾಗುವ ಐದು ನಿಮಿಷ ಮೊದಲು ಯಂತ್ರವನ್ನು ಅತಿ ಕಡಿಮೆ ವೇಗಕ್ಕೆ ಇಳಿಸುವುದು. ಆ ಸಂಜೆ ಮೂರನೆಯ ಭಾಗದಲ್ಲಿ ಸ್ವರ ಯಾವ ಕ್ಷಣದಲ್ಲಿ ಹುಟ್ಟಿತೆಂದು ನನಗೂ ತಿಳಿಯಲಿಲ್ಲ. ಕೃತಿ ಬಯಸುವುದೇ ಅದನ್ನು. ಶ್ರುತಿಗಾರರ ಎರಡನೆಯ ಭೇಟಿಗೆ ತಗಲುವ ಖರ್ಚನ್ನು ಕಡಿತಗೊಳಿಸಲು ನಾನು ಎಂದಿಗೂ ಒಪ್ಪುವುದಿಲ್ಲ.

ಬ್ರಾಮ್ಸ್‌ನ ಮೊದಲ ತಾಲೀಮಿನಲ್ಲಿ ಅರ್ಧ ಗಂಟೆ ವ್ಯರ್ಥವಾಯಿತು, ಆ ತಪ್ಪು ನನ್ನದೇ. ಕ್ವಾರ್ಟೆಟ್‌ನವರ ಸ್ವರಲಿಪಿ ಒಂದು ಪ್ರಕಾಶನದ್ದು, ಕ್ಲಾರಿನೆಟ್‌ಗೆ ನಾನು ತರಿಸಿಕೊಟ್ಟದ್ದು ಇನ್ನೊಂದರದ್ದು. ಒಂದರಲ್ಲಿ ತಾಲೀಮಿನ ಗುರುತಿಗೆ ಅಕ್ಷರಗಳಿದ್ದರೆ ಇನ್ನೊಂದರಲ್ಲಿ ಅಂಕಿಗಳಿದ್ದವು. ಅಂದಿನಿಂದ ಎಲ್ಲರಿಗೂ ಒಂದೇ ಮುದ್ರಣದ ಪ್ರತಿಗಳನ್ನು ಎರಡು ತಿಂಗಳ ಮೊದಲೇ ಕಳುಹಿಸುತ್ತೇನೆ.

ಐದನೆಯ ಸಂಜೆ ಬೆಥೊವನ್‌ನ ಓಪಸ್ 130 ಎಂಬ ಸಂಖ್ಯೆಯ ಸ್ಟ್ರಿಂಗ್ ಕ್ವಾರ್ಟೆಟ್ ಕೃತಿ. 1826ರ ಮಾರ್ಚ್‌ನಲ್ಲಿ ವಯೋಲಿನ್ ವಾದಕ ಶುಪ್ಪಾನ್ಸಿಗ್‌ನ ಕ್ವಾರ್ಟೆಟ್ ಇದನ್ನು ಮೊದಲು ನುಡಿಸಿದಾಗ ಕೊನೆಯ ಭಾಗವಾಗಿದ್ದದ್ದು ಮಹಾಫ್ಯೂಗ್ (ಒಂದೇ ಸ್ವರಮಾಲೆಯನ್ನು ವಾದ್ಯಗಳು ಒಂದರ ಬೆನ್ನಿಗೊಂದು ಎತ್ತಿಕೊಂಡು ಹೆಣೆಯುವ ರಚನೆಯೇ ಫ್ಯೂಗ್). ಶ್ರೋತೃಗಳು ನಡುವಿನ ಎರಡು ಪುಟ್ಟ ಭಾಗಗಳನ್ನು ಮತ್ತೆ ನುಡಿಸಿಸಿಕೊಂಡರಾದರೂ ಫ್ಯೂಗ್ ಅವರಿಗೆ ಎಟುಕಲಿಲ್ಲ. ಅದೇ ವರ್ಷ ಬೆಥೊವನ್ ಬೇರೊಂದು ಹಗುರವಾದ ಅಂತ್ಯವನ್ನು ಬರೆದುಕೊಟ್ಟ, ಫ್ಯೂಗ್ ಓಪಸ್ 133 ಎಂಬ ಸ್ವತಂತ್ರ ಕೃತಿಯಾಯಿತು. ಯಾವುದನ್ನು ನುಡಿಸುವುದು ಎಂಬ ನಿರ್ಧಾರವನ್ನು ಕ್ವಾರ್ಟೆಟ್‌ಗೇ ಬಿಟ್ಟೆ, ಅವರು ಫ್ಯೂಗನ್ನು ಆರಿಸಿಕೊಂಡರು. ಅದಕ್ಕೆ ಮುಂಚಿನ ನಿಧಾನಗತಿಯ ಭಾಗವಾದ ಕವತಿನಾದ ಆ ಮೆತ್ತನೆಯ ಅಳುವಿನ ಬೆನ್ನಿಗೇ ಫ್ಯೂಗ್ ಬಂದು ಅಪ್ಪಳಿಸುವುದನ್ನು ಕೇಳಿದವರಿಗೆ ಅದು ಇರಬೇಕಾದ ಜಾಗ ಅದೇ ಎಂದು ಅನ್ನಿಸದಿರದು.

ಕೊನೆಯ ಸಂಜೆಗೆ ಶೂಬರ್ಟ್‌ನ ಐದು ತಂತಿವಾದ್ಯಗಳ ಸಿ ಮೇಜರ್ ಕ್ವಿಂಟೆಟ್, ಅವನ ಕೃತಿಪಟ್ಟಿಯಲ್ಲಿ ಡಿ. 956. ತನ್ನ ಬದುಕಿನ ಕೊನೆಯ ವರ್ಷವಾದ 1828ರಲ್ಲಿ ಅವನು ಬರೆದ ಇದು ಸಾರ್ವಜನಿಕವಾಗಿ ಮೊದಲು ಕೇಳಿಬಂದದ್ದು 1850ರಲ್ಲಿ. ಮೊಜಾರ್ಟ್ ತನ್ನ ಸ್ಟ್ರಿಂಗ್ ಕ್ವಿಂಟೆಟ್‌ಗಳಿಗೆ ಎರಡನೆಯ ವಿಯೋಲಾ ಸೇರಿಸಿದರೆ ಶೂಬರ್ಟ್ ಎರಡನೆಯ ಚೆಲ್ಲೊ ಸೇರಿಸಿದ. ಅತಿಥಿ ಚೆಲ್ಲೊ ವಾದಕಿಗೆ ಮೊದಲ ಚೆಲ್ಲೊದ ಪಾಲು ಕೊಡಬೇಕೋ ಎರಡನೆಯದರ ಪಾಲೋ ಎಂಬ ಚರ್ಚೆ ಒಂದು ಮಧ್ಯಾಹ್ನವಿಡೀ ನಡೆಯಿತು. ಕ್ವಾರ್ಟೆಟ್‌ನ ಶ್ರುತಿ ತನ್ನ ಚೆಲ್ಲೊದ ಮಂದ್ರಸ್ವರದ ಮೇಲೆ ನಿಂತಿರುತ್ತದೆ, ಆದ್ದರಿಂದ ಆ ಬುನಾದಿಯನ್ನು ಕದಲಿಸದೆ ಅವರ ಚೆಲ್ಲೊ ವಾದಕರೇ ಎರಡನೆಯ ಚೆಲ್ಲೊವನ್ನು ನುಡಿಸಲಿ ಎಂದು ನಾನು ಸೂಚಿಸಿದೆ. ಕೃತಿಯ ನಿಧಾನಗತಿಯ ಭಾಗವಾದ ಅಡಾಜಿಯೊದಲ್ಲಿ ನಡುವಿನ ಮೂವರು ಉದ್ದನೆಯ ರಾಗವನ್ನು ಹಿಡಿದಿಟ್ಟಿರುವಾಗ ಮೊದಲ ವಯೋಲಿನ್ ಮತ್ತು ಎರಡನೆಯ ಚೆಲ್ಲೊ ತಂತಿ ಮೀಟುತ್ತ ಒಂದನ್ನೊಂದು ಮಾತನಾಡಿಸುತ್ತವೆ. ಆ ಎರಡನ್ನೂ ವೇದಿಕೆಯ ಎರಡು ಅಂಚುಗಳಲ್ಲಿ ಎದುರುಬದುರಾಗಿ ಕೂರಿಸಿದಾಗ ಆ ಮಾತುಕತೆ ಸಭೆಯ ಅಗಲಕ್ಕೂ ಹರಡಿಕೊಂಡಿತು.

ಕೊನೆಯ ತಾಲೀಮಿನ ಬಹುಭಾಗವನ್ನು ಕೃತಿಯ ಕಟ್ಟಕಡೆಯ ಎರಡು ಸ್ವರಗಳೇ ತೆಗೆದುಕೊಂಡವು. ಸಿ ಮೇಜರ್‌ನ ಉಲ್ಲಾಸದ ಮೇಲೆ ಡಿ ಫ್ಲಾಟ್ ಎಂಬ ಹೊರಗಿನ ಸ್ವರವೊಂದು ಎರಗಿ, ಆಮೇಲೆ ಎಲ್ಲರೂ ಸಿ ಸ್ವರಕ್ಕೆ ಬಂದಿಳಿಯುತ್ತಾರೆ. ಆ ಡಿ ಫ್ಲಾಟ್ ಅನ್ನು ಚುಟುಕಾಗಿ ಕಡಿಯಬೇಕೆಂದು ಇಬ್ಬರು, ಭಾರ ಹಾಕಿ ಎಳೆಯಬೇಕೆಂದು ಮೂವರು ವಾದಿಸಿದರು. ಕಛೇರಿಯಲ್ಲಿ ಮೊದಲ ವಯೋಲಿನ್ ವಾದಕಿ ಎಲ್ಲರ ಎಣಿಕೆಗಿಂತಲೂ ತುಸು ಹೆಚ್ಚು ಹೊತ್ತು ಅದನ್ನು ಹಿಡಿದರು, ಉಳಿದ ನಾಲ್ವರೂ ಅವರ ಕಮಾನನ್ನು ನೋಡುತ್ತ ಅಲ್ಲೇ ಕಾದರು. ಮರುನುಡಿಕೆ ಇರುವುದಿಲ್ಲವೆಂದು ಮೊದಲೇ ಮಾತಾಗಿದ್ದರಿಂದ ವಾದಕರು ಮೂರು ಸಲ ಬಂದು ನಮಿಸಿದ ಮೇಲೆ ನಾನು ಸಭಾಂಗಣದ ದೀಪಗಳನ್ನು ಹಾಕಿಸಿದೆ.