ಕತೆ ಸಿಗುವ ಜಾಗ ಬೇರೆ, ಬರೆಯುವ ಜಾಗ ಬೇರೆ

"ಎಲ್ಲಾದರೂ ಶಾಂತವಾದ ಕಡೆ ಹೋಗಿ ಕೂತರೆ ಬರೆಯಬಹುದಿತ್ತು" ಅನ್ನುವ ಮಾತನ್ನು ಬರೆಯುವವರ ಬಾಯಲ್ಲಿ ಆಗಾಗ ಕೇಳುತ್ತೇನೆ. ಕೆಲವರು ಹೋಗುತ್ತಾರೆ ಕೂಡ. ಚಿಕ್ಕಮಗಳೂರು ಕಡೆ ಒಂದು ಹೋಂಸ್ಟೇ, ಕಿಟಕಿ ತೆರೆದರೆ ಕಾಫಿ ತೋಟ, ಬೆಳಿಗ್ಗೆ ಮಂಜು, ಬ್ಯಾಗಿನಲ್ಲಿ ಹೊಸ ನೋಟ್‌ಬುಕ್ಕು. ಭಾನುವಾರ ಸಂಜೆ ವಾಪಸು ಹೊರಡುವಾಗ ನೋಡಿದರೆ ಮಂಜಿನ ಬಗ್ಗೆ ನಾಲ್ಕು ಸಾಲು ಇರುತ್ತದೆ, ಅಷ್ಟೇ. ಜಾಗದ ತಪ್ಪೇನೂ ಇಲ್ಲ. ಚಂದದ ಜಾಗ ನೋಡುತ್ತ ಕೂರಿಸಿಬಿಡುತ್ತದೆ. ನೋಡುವುದರಲ್ಲೇ ಹೊಟ್ಟೆ ತುಂಬಿದ ಮೇಲೆ ಬರೆಯುವ ಹಸಿವು ಎಲ್ಲಿಂದ ಬರಬೇಕು?

ನಾನು ಕತೆ ಬರೆಯುತ್ತೇನೆ. ಹೊಟ್ಟೆಪಾಡು ಬೇರೆ. ವೈಟ್‌ಫೀಲ್ಡಿನಲ್ಲಿ ಆಫೀಸು, ವಿಜಯನಗರದಲ್ಲಿ ಬಾಡಿಗೆ ಮನೆ. ಊರು ಕುಮಟಾ ತಾಲ್ಲೂಕು, ಅಘನಾಶಿನಿ ನದಿ ಸಮುದ್ರ ಸೇರುವ ಕಡೆ. ನನ್ನ ಕತೆಗಳೆಲ್ಲ ಹೆಚ್ಚುಕಮ್ಮಿ ಆ ನದಿಯ ಬಾಯಿಯ ಸುತ್ತಲೇ ನಡೆಯುತ್ತವೆ. ಆದರೆ ಒಂದನ್ನೂ ಅಲ್ಲಿ ಕೂತು ಬರೆದಿಲ್ಲ. ಬರೆದದ್ದೆಲ್ಲ ವಿಜಯನಗರದ ಎರಡನೇ ಮಹಡಿಯ ರೂಮಿನಲ್ಲಿ. ಕಿಟಕಿಯಾಚೆ ಕಾಣುವುದು ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕು, ಅದರ ಮೇಲೆ ಒಂದು ಪಾರಿವಾಳ. ಯಾರಾದರೂ "ನಿಮಗೆ ಸ್ಫೂರ್ತಿ ಕೊಡುವ ಜಾಗ ಯಾವುದು" ಅಂತ ಕೇಳಿದರೆ ನದಿಯ ಹೆಸರು ಹೇಳುತ್ತೇನೆ. ಟ್ಯಾಂಕಿನ ಹೆಸರನ್ನೂ ಹೇಳಬೇಕು, ನ್ಯಾಯವಾಗಿ.

ಇದು ಹೇಗೆ ನಡೆಯುತ್ತದೆ ಅಂತ ಒಂದು ಕತೆಯ ಲೆಕ್ಕದಲ್ಲೇ ಹೇಳುತ್ತೇನೆ.

ನಮ್ಮ ಕಡೆ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಗೋಕರ್ಣಕ್ಕೆ ಹೋಗುವವರು ದಾರಿಯಲ್ಲಿ ನೋಡಿರುತ್ತೀರಿ, ಕಾರು ನಿಲ್ಲಿಸಿ ಫೋಟೋ ತೆಗೆದಿರುತ್ತೀರಿ. ಬೇಸಿಗೆಯಲ್ಲಿ ಅಲ್ಲಿ ಕೆಲಸ. ಭರತದ ಹೊತ್ತಿಗೆ, ಅಂದರೆ ಸಮುದ್ರದ ನೀರು ಏರಿದಾಗ, ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು ದೊಡ್ಡ ಗದ್ದೆಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಗಟ್ಟಿಯಾದ ಹಾಗೆ ಒಂದರಿಂದ ಒಂದಕ್ಕೆ ದಾಟಿಸುತ್ತ ಕೊನೆಗೆ ಚಿಕ್ಕ ಮಡಿಗಳಿಗೆ ತರುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ನೀರು ಆರಿದ ಮೇಲೇ ಹರಳು ಕಟ್ಟಲು ಶುರುವಾಗುತ್ತದೆ. (ಇದನ್ನು ಬರವಣಿಗೆಗೆ ಹೋಲಿಸುವ ಆಸೆ ಯಾರಿಗಾದರೂ ಬರುತ್ತದೆ. ನನಗೂ ಬಂತು. ಬೇಡ ಬಿಡಿ.)

ಅಲ್ಲಿಗೆ ಹೋದಾಗ ನಾನು ಬರೆದುಕೊಂಡದ್ದು ಆಕಾಶದ ಬಣ್ಣ, ಬೆಳ್ಳಗಿನ ಉಪ್ಪಿನ ರಾಶಿ ಇಂಥದ್ದೇನೂ ಅಲ್ಲ. ಅದನ್ನು ಯಾರು ಬೇಕಾದರೂ ಊಹಿಸಬಹುದು. ನಿಜ ಹೇಳಬೇಕೆಂದರೆ ಆ ಉಪ್ಪು ಅಷ್ಟು ಬೆಳ್ಳಗೆ ಇರುವುದೂ ಇಲ್ಲ, ಕೆಳಗಿನ ಮಣ್ಣಿನ ಬಣ್ಣ ಸ್ವಲ್ಪ ತಗೊಂಡಿರುತ್ತದೆ. ನಾನು ಬರೆದುಕೊಂಡದ್ದು ಕೆಲಸದ ಕ್ರಮ. ಎಷ್ಟು ಹೊತ್ತಿಗೆ ಬರುತ್ತಾರೆ, ಉದ್ದ ಹಿಡಿಯ ಮರದ ಹಲಗೆಯಲ್ಲಿ ಉಪ್ಪು ಎಳೆಯುವಾಗ ಯಾವ ಕಾಲು ಮುಂದೆ ಇಡುತ್ತಾರೆ, ಬುಟ್ಟಿ ಹೊತ್ತ ಹೆಂಗಸರು ಮಡಿಗಳ ನಡುವಿನ ಅಷ್ಟಗಲದ ಬದುವಿನ ಮೇಲೆ ಎದುರುಬದುರಾದರೆ ಯಾರು ಯಾರಿಗೆ ದಾರಿ ಬಿಡುತ್ತಾರೆ. ಬುಟ್ಟಿ ತುಂಬಿದವಳು ನಿಲ್ಲುವುದಿಲ್ಲ. ಖಾಲಿ ಬುಟ್ಟಿಯವಳು ಪಕ್ಕಕ್ಕೆ ಸರಿದು ಒಂದು ಕಾಲು ಮಡಿಯೊಳಗೆ ಇಳಿಸುತ್ತಾಳೆ. ಅತ್ತೆ ಖಾಲಿ ಬುಟ್ಟಿಯಲ್ಲಿ ಬರುತ್ತಿದ್ದರೆ, ಸೊಸೆ ತುಂಬಿದ ಬುಟ್ಟಿಯಲ್ಲಿ ಹೋಗುತ್ತಿದ್ದರೆ? ಅತ್ತೆಯೇ ಇಳಿಯಬೇಕು. ಅಲ್ಲಿ ನನಗೆ ಕತೆ ಸಿಕ್ಕಿತು. ಮನೆಯಲ್ಲಿ ಒಂದು ಕಾಯಿದೆ, ಬದುವಿನ ಮೇಲೆ ಇನ್ನೊಂದು.

ನನ್ನ ಮಟ್ಟಿಗೆ ಜಾಗ ಕೊಡುವುದು ಇದನ್ನೇ. ಆ ಜಾಗಕ್ಕೆ ತನ್ನದೇ ಒಂದು ಕಾಯಿದೆ ಇರುತ್ತದೆ, ತನ್ನದೇ ಒಂದು ಗಡಿಯಾರ ಇರುತ್ತದೆ. ಅದು ಸಿಕ್ಕಿದರೆ ಕತೆ ತಾನಾಗಿ ನಡೆಯುತ್ತದೆ.

ಗಡಿಯಾರ ಅಂದೆನಲ್ಲ, ಅಳಿವೆಯ ಊರುಗಳಲ್ಲಿ ಅದು ಗೋಡೆಯ ಮೇಲೆ ಇರುವುದಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಜೋರು. ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಆರಿಸುವ ಹೆಂಗಸರು ಇಳಿತದ ಹೊತ್ತಿಗೆ ನದಿಗೆ ಇಳಿಯಬೇಕು. ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತವಾದರೆ ನಾಲ್ಕು ದಿನ ಬಿಟ್ಟು ಹತ್ತೂ ಕಾಲಿಗೆ. ಅಂದರೆ ಮಗು ಶಾಲೆಗೆ ಹೋಗುವ ಹೊತ್ತು, ಅಡುಗೆಯ ಹೊತ್ತು, ಗಂಡ ದೋಣಿಯಿಂದ ಬರುವ ಹೊತ್ತು ಎಲ್ಲವೂ ಈ ಸರಿಯುವ ಹೊತ್ತಿಗೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ. ಊರಲ್ಲಿ ಹುಟ್ಟಿದವನಾಗಿ ಇದೆಲ್ಲ ನನಗೆ ಗೊತ್ತಿತ್ತು, ಆದರೆ ಗೊತ್ತಿರುವುದು ಬೇರೆ, ಕತೆಯೊಳಗೆ ಉಪಯೋಗಕ್ಕೆ ಬರುವುದು ಬೇರೆ. ಒಂದು ಕತೆಯಲ್ಲಿ ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟಿರುತ್ತಾರೆ. ಅವರನ್ನು ಮತ್ತೆ ಎದುರಿಗೆ ತರುವುದು ಹೇಗೆ ಅಂತ ನನಗೆ ಹೊಳೆಯುತ್ತಿರಲಿಲ್ಲ. ಮದುವೆ ಮನೆ, ಆಸ್ಪತ್ರೆ ಎಲ್ಲ ಯೋಚಿಸಿದೆ, ಎಲ್ಲ ಸಿನಿಮಾ ಥರ ಇತ್ತು. ಕೊನೆಗೆ ನೀರೇ ಆ ಕೆಲಸ ಮಾಡಿತು. ಅಮಾವಾಸ್ಯೆಯ ದೊಡ್ಡ ಇಳಿತಕ್ಕೆ ನದಿಯ ನಡುವಿನ ದಿಬ್ಬ ಸ್ವಲ್ಪ ಹೊತ್ತು ಮಾತ್ರ ಮೇಲೆ ಬರುತ್ತದೆ, ಬಳಚು ಅಲ್ಲೇ ಜಾಸ್ತಿ, ಇಬ್ಬರಿಗೂ ಅಲ್ಲಿಗೇ ಹೋಗಬೇಕು. ನೀರು ವಾಪಸು ಬರುವುದರೊಳಗೆ ಮಾತಾಡಿದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಅಲ್ಲೇ ಕೂತು ಬರೆಯಬಹುದಲ್ಲ? ಬರೆಯಲಾಗುವುದಿಲ್ಲ. ಊರಲ್ಲಿ ಕೂತರೆ ನನಗೆ ಎಲ್ಲವೂ ಮುಖ್ಯ ಅನಿಸುತ್ತದೆ. ಪಕ್ಕದ ಮನೆಯ ಹೊಸ ಬಾವಿಕಟ್ಟೆ, ಬಸ್ಸಿನಲ್ಲಿ ಕೇಳಿದ ಜಗಳ, ಮೀನಿನ ದರ. ಕತೆಗೆ ಬೇಡದ್ದೆಲ್ಲ ನುಗ್ಗುತ್ತದೆ. ಜೊತೆಗೆ ಒಂದು ಮುಲಾಜು. ಆಗರದ ಹತ್ತಿರ ಸುಮ್ನೆ ನಿಂತಿದ್ದಾಗ ಒಬ್ಬ ಅಜ್ಜಿ "ತಮ್ಮಾ, ಯಾರ ಮನೆಯವ ನೀನು?" ಅಂತ ಕೇಳಿದಳು. ಹೇಳಿದೆ. ಅಲ್ಲಿಗೆ ನಾನು ಕತೆಗಾರ ಆಗಿ ಉಳಿಯಲಿಲ್ಲ, ಇಂಥವರ ಮೊಮ್ಮಗ ಆದೆ. ಮೊಮ್ಮಗನಾದವನು ಅತ್ತೆಯನ್ನು ಬದುವಿನಿಂದ ಕೆಳಗಿಳಿಸುವುದು ಕಷ್ಟ.

ಬೆಂಗಳೂರಿಗೆ ಬಂದ ಮೇಲೆ ನಾನು ನೋಟ್‌ಬುಕ್ಕನ್ನು ಕೆಲವು ತಿಂಗಳು ತೆರೆಯುವುದಿಲ್ಲ. ಫೋಟೋ ಅಂತೂ ತೆಗೆಯುವುದೇ ಇಲ್ಲ. ಫೋಟೋ ಇದ್ದರೆ ಅದರಲ್ಲಿ ಇರುವುದೇ ಕಾಣುತ್ತದೆ, ಇಲ್ಲದ್ದು ಹುಟ್ಟುವುದಿಲ್ಲ. ಅದರ ಬದಲು ಜಾಗದ ನಕ್ಷೆ ಬಿಡಿಸುತ್ತೇನೆ. ಕೆಟ್ಟದಾಗಿಯೇ. ಮನೆ ಎಲ್ಲಿ, ಬಾವಿ ಎಲ್ಲಿ, ಅಂಗಡಿಗೆ ಹೋಗುವಾಗ ಯಾರ ಅಂಗಳ ದಾಟಬೇಕು. ಯಾರ ಅಂಗಳ ದಾಟಬೇಕು ಅನ್ನುವುದು ನಮ್ಮ ಊರುಗಳಲ್ಲಿ ಅರ್ಧ ಕತೆ. ಆಮೇಲೆ ದಿನಾ ನೇರಳೆ ಮಾರ್ಗದ ಮೆಟ್ರೊದಲ್ಲಿ ಆಫೀಸಿಗೆ ಹೋಗುತ್ತ ಬರುತ್ತ ಮನಸ್ಸಿನಲ್ಲೇ ಕತೆಯನ್ನು ನಡೆಸುತ್ತೇನೆ. ಬೆಂಗಳೂರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ದಾರಿ, ಒಂದು ಗಂಟೆಗಿಂತ ಜಾಸ್ತಿ. ಮೆಜೆಸ್ಟಿಕ್ಕಿನಲ್ಲಿ ಜನ ನುಗ್ಗುವಾಗ ಒಂದು ವಾಕ್ಯವನ್ನು ಹಿಡಿದುಕೊಂಡು ನಿಲ್ಲುವುದು ಒಳ್ಳೆ ಪರೀಕ್ಷೆ. ಉಳಿದರೆ ಆ ವಾಕ್ಯದಲ್ಲಿ ಏನೋ ಇದೆ. ರಾತ್ರಿ ಟ್ಯಾಂಕಿನ ಎದುರು ಕೂತು ಉಳಿದದ್ದನ್ನು ಬರೆಯುತ್ತೇನೆ. ಕತೆ ಒಂದು ರೂಪಕ್ಕೆ ಬಂದ ಮೇಲೇ ನೋಟ್‌ಬುಕ್ಕು ತೆರೆದು ಸಾಮಾನುಗಳ ಹೆಸರು, ಹೊತ್ತು, ಕ್ರಮ ಸರಿ ಇದೆಯಾ ಅಂತ ನೋಡುವುದು.

ಇದು ನನ್ನೊಬ್ಬನ ಖಾಯಿಲೆ ಅಂತ ಅಂದುಕೊಂಡಿದ್ದೆ. ಆದರೆ ನಮ್ಮ ದೊಡ್ಡವರನ್ನು ನೋಡಿದರೆ ಸ್ವಲ್ಪ ಧೈರ್ಯ ಬರುತ್ತದೆ. ಸಾಣಿಕಟ್ಟಾದ ಪಕ್ಕದಲ್ಲೇ ಹನೇಹಳ್ಳಿ, ಯಶವಂತ ಚಿತ್ತಾಲರ ಊರು. ಅವರು ಬಾಳಿದ್ದು ಮುಂಬೈಯಲ್ಲಿ, ಪ್ಲಾಸ್ಟಿಕ್ ಉದ್ಯಮದಲ್ಲಿ ರಸಾಯನ ವಿಜ್ಞಾನಿಯಾಗಿ. ಹನೇಹಳ್ಳಿ ಅವರ ಕತೆಗಳಲ್ಲಿ ಬರುವಷ್ಟು ಸಲ ಬಹುಶಃ ಸರ್ಕಾರಿ ಕಾಗದಗಳಲ್ಲೂ ಬಂದಿಲ್ಲ. 1979ರ 'ಶಿಕಾರಿ' ಪೂರ್ತಿ ಮುಂಬೈಯ ಆಫೀಸುಗಳ ಕಾದಂಬರಿ, ಆದರೂ ಅದರ ನಾಯಕ ನಾಗಪ್ಪನ ಬೆನ್ನಿಗೆ ಊರು ಅಂಟಿಕೊಂಡೇ ಇರುತ್ತದೆ. ಕುವೆಂಪು ಅವರ ವಿಷಯವೂ ಅಷ್ಟೇ. ಮಲೆನಾಡು ಅಂದರೆ ಕುಪ್ಪಳಿ, ಕವಿಶೈಲ ಅಂತ ನಾವೆಲ್ಲ ಹೋಗಿ ಬಂಡೆಯ ಮೇಲೆ ಕೂತು ಬರುತ್ತೇವೆ. ಕೂರಬೇಕಾದ ಜಾಗವೇ. ಆದರೆ ಅವರು ಓದಿದ್ದು, ಪಾಠ ಮಾಡಿದ್ದು, ಮನೆ ಕಟ್ಟಿದ್ದು ಮೈಸೂರಿನಲ್ಲಿ. 'ಮಲೆಗಳಲ್ಲಿ ಮದುಮಗಳು' ಬಂದ 1967ರ ಹೊತ್ತಿಗೆ ಅವರು ಊರು ಬಿಟ್ಟು ಎಷ್ಟೋ ದಶಕಗಳಾಗಿದ್ದವು. ಆ ಕಾದಂಬರಿಯ ಕಾಡು ನೆನಪಿನಲ್ಲಿ ಬೆಳೆದ ಕಾಡು. ಅನಂತಮೂರ್ತಿಯವರಂತೂ ಅಗ್ರಹಾರದ ಕತೆ 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಪಿಎಚ್‌ಡಿ ಮಾಡುವಾಗ. ಒಂದು ಸ್ವೀಡಿಷ್ ಸಿನಿಮಾ ನೋಡಿದ್ದು ನೆಪವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ತೀರ್ಥಹಳ್ಳಿಯಲ್ಲೇ ಇದ್ದಿದ್ದರೆ ಬರೆಯುತ್ತಿದ್ದರೋ ಇಲ್ಲವೋ, ಬರೆದಿದ್ದರೂ ಅಷ್ಟು ಸಿಟ್ಟಾಗಿ ಬರೆಯುತ್ತಿದ್ದರೋ ಇಲ್ಲವೋ ಅನ್ನುವುದು ನನ್ನ ಅನುಮಾನ.

ಇದಕ್ಕೆ ಉಲ್ಟಾ ಉದಾಹರಣೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಬೇಂದ್ರೆಯವರು ಧಾರವಾಡದ ಸಾಧನಕೇರಿಯಲ್ಲಿ ಕೂತು ಸಾಧನಕೇರಿಯನ್ನೇ ಹಾಡಿದರು. ತೇಜಸ್ವಿ ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಮೂಡಿಗೆರೆಯ ಸುತ್ತಲಿನ ಕಾಡಿನ ಬಗ್ಗೆ ಬರೆದರು. ಆದರೆ ಗಮನಿಸಿ, ತೇಜಸ್ವಿ ಅಲ್ಲಿ ನೋಟ ನೋಡುತ್ತ ಕೂತವರಲ್ಲ. ಕಾಫಿ ಬೆಳೆದರು, ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು. ಜಾಗದ ಕಾಯಿದೆಯೊಳಗೆ ಕೈಕಾಲು ಹಾಕಿ ಬದುಕಿದವರು. ಅವರಿಗೆ ದೂರ ಹೋಗುವ ಅಗತ್ಯ ಬೀಳಲಿಲ್ಲ. ನನ್ನಂಥ ರಜೆಗೆ ಬಂದುಹೋಗುವವನಿಗೆ ಆ ದಾರಿ ಇಲ್ಲ.

ಚಿತ್ರ ಬರೆಯುವವರ ಕತೆ ಬೇರೆಯೇ ಇರಬೇಕು. ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂ ಬಿಟ್ಟ ಮರಗಳ ಎದುರಿಗೇ ನಿಂತು ಬಣ್ಣ ಹಚ್ಚಿದವರು. ಗುಲ್‌ಮೊಹರ್ ಕೆಂಪಾಗಿರುವುದು ಕೆಲವೇ ವಾರ, ಬೆಳಕು ಹಾಗೆ ಬೀಳುವುದು ಕೆಲವೇ ಹೊತ್ತು. ಆಮೇಲೆ ನೆನಪು ಮಾಡಿಕೊಳ್ಳೋಣ ಅಂದರೆ ಆಗದು. ಜಲವರ್ಣ ಮಾಡುವ ನನ್ನ ಗೆಳೆಯನೊಬ್ಬ ಅಘನಾಶಿನಿಗೆ ಜೊತೆಗೆ ಬಂದಿದ್ದ. ನಾನು ಹೆಂಗಸರ ಮಾತು ಕೇಳುತ್ತ ಅಲೆಯುತ್ತಿದ್ದರೆ ಅವನು ಒಂದೇ ಕಡೆ ಕೂತು ನೀರು ಇಳಿದ ಮೇಲಿನ ಕೆಸರಿನ ಬಣ್ಣ ಬೆರೆಸುತ್ತಿದ್ದ. ಬಿಸಿಲಿಗೆ ಬಣ್ಣ ಕಾಗದದ ಮೇಲೆ ಕೂರುವ ಮೊದಲೇ ಒಣಗುತ್ತದೆ ಅಂತ ಗೊಣಗಾಟ ಬೇರೆ. ಸಂಜೆಯ ಹೊತ್ತಿಗೆ ಅವನ ಚಿತ್ರ ಮುಗಿದಿತ್ತು, ನನ್ನ ಕತೆಗೆ ಇನ್ನೂ ಒಂದು ಮಳೆಗಾಲ ಕಳೆಯಬೇಕಿತ್ತು. ಹೊಟ್ಟೆಕಿಚ್ಚು ಆಯಿತು, ಸುಳ್ಳು ಯಾಕೆ ಹೇಳಲಿ.

ಜನ ಕೇಳುವ ಇನ್ನೊಂದು ಪ್ರಶ್ನೆ ಸದ್ದಿನದು. ಬರೆಯುವ ಜಾಗ ನಿಶ್ಶಬ್ದವಾಗಿರಬೇಕಾ? ನನಗೆ ಬೇಕಿಲ್ಲ. ನನ್ನನ್ನು ಉದ್ದೇಶಿಸದ ಸದ್ದು ಎಷ್ಟಿದ್ದರೂ ತೊಂದರೆ ಇಲ್ಲ. ಕೆಳಗಿನ ಮನೆಯ ಮಿಕ್ಸಿ, ತಳ್ಳುಗಾಡಿಯವನ "ಸೊಪ್ಪೂ" ಎಲ್ಲ ಇರಲಿ. ಆದರೆ ಫೋನಿನ ಒಂದು ಟಿಂಗ್ ಸಾಕು, ಅರ್ಧ ಗಂಟೆ ಹಾಳು. ಹಾಗಾಗಿ ಫೋನು ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಮೇಲೆ.

ಈಚೆಗೆ ಒಂದು ತಮಾಷೆ ಆಗಿದೆ. ಇಷ್ಟು ವರ್ಷ ಬೆಂಗಳೂರಿನಲ್ಲಿದ್ದು ಬೆಂಗಳೂರಿನ ಕತೆ ಒಂದೂ ಬರೆದಿಲ್ಲವಲ್ಲ ಅಂತ ಶುರು ಮಾಡಿದೆ. ಹೂ ಕಟ್ಟಿ ಮಾರುವ ಒಬ್ಬಳ ಕತೆ. ವಿಜಯನಗರದ ರೂಮಿನಲ್ಲಿ ಒಂದು ಪುಟ ದಾಟಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅಟ್ಟದ ಮೇಲೆ, ಅಡಕೆ ಚೀಲಗಳ ಪಕ್ಕ ಕೂತರೆ ಸರಾಗವಾಗಿ ಬಂತು. ದಾಸನಪುರದಿಂದ ಬರುವ ಅವಳ ಅಕ್ಕ, ಮೊಳ ಅಳೆಯುವಾಗ ಅವಳು ಮೊಣಕೈ ಸ್ವಲ್ಪ ಮಡಿಸುವುದು, ಗಿರಾಕಿ ಅದನ್ನು ನೋಡಿಯೂ ನೋಡದ ಹಾಗೆ ಇರುವುದು. ಅಮ್ಮ ಕೆಳಗಿನಿಂದ "ಊಟಕ್ಕೆ ಬಾರೋ" ಅಂತ ಕೂಗುವುದು ಕೇಳಿಸುತ್ತಿತ್ತು, ಅದು ಮಿಕ್ಸಿಯ ಸದ್ದಿನ ಜಾತಿಗೆ ಸೇರುವುದಿಲ್ಲವಾದ್ದರಿಂದ ಏಳಲೇಬೇಕಾಯಿತು.

ಆ ಕತೆ ಈಗ ಒಂದು ಕಡೆ ನಿಂತಿದೆ. ಹೂವು ಕೊಳ್ಳಲು ಅವಳು ಕೆ.ಆರ್. ಮಾರ್ಕೆಟ್ಟಿಗೆ ಬೆಳಗಾಗುವ ಮೊದಲೇ ಹೋಗುತ್ತಾಳೆ ಅಂತ ಬರೆದೆ. ಮುಂದೆ? ತಕ್ಕಡಿ ಯಾರದ್ದು, ಸಾಲ ಬರೆಯುವ ಪುಸ್ತಕ ಯಾರ ಕೈಯಲ್ಲಿ, ಕನಕಾಂಬರ ಮುಗಿದುಹೋದರೆ ಜಗಳ ಯಾರ ಮೇಲೆ, ಮಳೆ ಬಂದು ಹೂವು ನೆಂದರೆ ದರ ಯಾರು ಇಳಿಸುತ್ತಾರೆ, ಒಂದೂ ಗೊತ್ತಿಲ್ಲ. ಈ ಶನಿವಾರ ಅಲಾರಂ ಇಟ್ಟುಕೊಂಡು ಹೋಗುತ್ತಿದ್ದೇನೆ. ನೋಟ್‌ಬುಕ್ಕು, ಪೆನ್ಸಿಲ್ಲು, ಚಿಲ್ಲರೆ. ಸುಮ್ಮನೆ ನಿಂತರೆ ಅಲ್ಲಿ ಯಾರೂ ನಿಲ್ಲಲು ಬಿಡುವುದಿಲ್ಲ, ಆದ್ದರಿಂದ ಎರಡು ಮಾರು ಸೇವಂತಿಗೆಯನ್ನಾದರೂ ಕೊಳ್ಳಬೇಕು.