ಜಾಮ್ ಆದ ಸ್ಕೇಟ್ ಚಕ್ರ ಸರಿಯಾಯಿತು
ಕದ್ರಿಯಲ್ಲಿ ನಮ್ಮ ಮನೆ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಭಾನುವಾರ ನಾನು, ಭಾವ, ಅಕ್ಕನ ಮಕ್ಕಳು ಸೇರಿ ಮಂಜುಗಡ್ಡೆ ಮೇಲೆ ಆಡುವ ಐಸ್ ಹಾಕಿ ಆಟದ ಥರವೇ ಆಡುತ್ತೇವೆ, ಐಸ್ ಬದಲು ನೆಲದ ಮೇಲೆ, ಇನ್‌ಲೈನ್ ಸ್ಕೇಟ್ (ಒಂದೇ ಸಾಲಿನಲ್ಲಿ ಚಕ್ರ ಇರುವ ಬೂಟು) ಹಾಕಿಕೊಂಡು ಅಷ್ಟೇ. ಜುಲೈಯಲ್ಲಿ ಒದ್ದೆ ನೆಲದಲ್ಲಿ ಆಡಿ ಸ್ಕೇಟನ್ನು ಹಾಗೇ ಚೀಲದಲ್ಲಿ ಇಟ್ಟಿದ್ದೆ. ಮುಂದಿನ ವಾರ ಚಕ್ರ ಕಿರ್ ಕಿರ್ ಅಂತ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಚಕ್ರದೊಳಗೆ ಅದನ್ನು ಸಲೀಸಾಗಿ ತಿರುಗಿಸುವ ಗುಂಡುಗಳ ಬಳೆ, ಅಂದರೆ ಬೇರಿಂಗಿಗೆ ತುಕ್ಕು.

ಮೇಲಿಂದ ಸ್ಪ್ರೇ ಹೊಡೆದದ್ದು ಎರಡೇ ದಿನಕ್ಕೆ ಬಂತು. ಕೊನೆಗೆ 8 ಚಕ್ರ ಬಿಚ್ಚಿ, 16 ಬೇರಿಂಗನ್ನೂ ಹೊರತೆಗೆದು, ಪಿನ್ನಿನಿಂದ ಮುಚ್ಚಳ ಎಬ್ಬಿಸಿ ಸೀಮೆಎಣ್ಣೆಯಲ್ಲಿ ನೆನೆಸಿದೆ. ಎಣ್ಣೆಯೆಲ್ಲ ಕೆಂಪಾಯಿತು. ಚೆನ್ನಾಗಿ ಒಣಗಿಸಿ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದೇ ಹನಿ ಬಿಟ್ಟೆ, ಜಾಸ್ತಿಯಾದರೆ ಧೂಳು ಅಂಟುತ್ತದೆ ಅಲ್ವಾ. ಮೂರು ಬೇರಿಂಗ್ ಉಳಿಯಲೇ ಇಲ್ಲ, ಅಂಗಡಿಯಲ್ಲಿ ಬೇರಿಂಗಿನ 608 ಸೈಜ್ ಕೇಳಿ ಹೊಸದು ತಂದೆ.

ಈಗ ಬೆರಳಲ್ಲಿ ತಟ್ಟಿದರೆ ಚಕ್ರ ಸದ್ದಿಲ್ಲದೆ ತಿರುಗುತ್ತಲೇ ಇರುತ್ತದೆ. ಆಡಿದ ಮೇಲೆ ಒರೆಸಿ ಫ್ಯಾನ್ ಕೆಳಗೆ ಇಡುತ್ತೇನೆ.