ಭಾಗವತರ ಪದ್ಯ ಪುಟದ ನಡುವೆ ತುಂಡಾಗದಿರಲು

ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತಾಳಮದ್ದಳೆ (ವೇಷವಿಲ್ಲದೆ, ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟಗಳಿಗೆ ಕಳೆ ಬರುತ್ತದೆ. ಹಳೆಯ ಪ್ರಸಂಗದ ಪದ್ಯಗಳನ್ನು ಹವ್ಯಾಸಿ ಬಳಗದ ಯಾರೋ ಒಬ್ಬರು ಟೈಪಿಸಿ, ವರ್ಡ್‌ನಲ್ಲಿ ಅಂಟಿಸಿ, ಪ್ರಿಂಟ್ ಹೊಡೆಸಿ ತರುತ್ತಾರೆ. ನೋಡಿದರೆ ಪದ್ಯದ ಎರಡು ಸಾಲು ಈ ಪುಟದಲ್ಲಿ, ಉಳಿದ ನಾಲ್ಕು ಮಗುಚಿದ ಮೇಲೆ. ಎರಡೂ ಕೈಯಲ್ಲಿ ತಾಳ ಹಿಡಿದು ಪದ್ಯ ಹಾಡುವ ಭಾಗವತರು ಪುಟ ಮಗುಚುವುದು ಹೇಗೆ? ‘ಅಕ್ಷರ ಸ್ವಲ್ಪ ದೊಡ್ಡದಿರಲಿ ಮಾರಾಯ’ ಎಂದು ಅವರು ಹೇಳಿದರಂತೂ ಎಲ್ಲ ಪುಟವನ್ನೂ ಮತ್ತೆ ಮೊದಲಿನಿಂದ ಹೊಂದಿಸಬೇಕು.

ಈ ತಾಪತ್ರಯಕ್ಕೆ ‘ಟೈಪ್‌ಸ್ಟ್’ ಎಂಬ ಉಚಿತ ತಂತ್ರಾಂಶ ಒಳ್ಳೆಯ ಮದ್ದು. ಇದಕ್ಕೆ ಕಿಟಕಿ, ಮೆನು, ಬಟನ್ ಏನೂ ಇಲ್ಲ. ಸಾದಾ ನೋಟ್‌ಪ್ಯಾಡ್ ಕಡತದಲ್ಲಿ ‘ಇದು ಪದ್ಯ, ಇದು ರಾಗ’ ಎಂದು ಗುರುತು ಹಾಕಿ ಬರೆದಿಟ್ಟು, ಕಮಾಂಡ್ ಲೈನಿನಲ್ಲಿ ಒಂದು ಸಾಲು ಆದೇಶ ಕೊಟ್ಟರೆ ಪಿಡಿಎಫ್ ಸಿದ್ಧ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ಟೂ ಬೇಡ. ಗಾಳಿಮಳೆಗೆ ಸಿಗ್ನಲ್ ಹೋಗುವ ನಮ್ಮ ಘಟ್ಟದ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಈ ಬಗೆಯ ತಂತ್ರಾಂಶ ಹೊಸದೇನೂ ಅಲ್ಲ. ಅಮೆರಿಕದ ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ 1977ರಲ್ಲಿ ತಮ್ಮ ಪುಸ್ತಕದ ಕರಡಚ್ಚು ನೋಡಿ, ಅಕ್ಷರ ಜೋಡಣೆ ಹಿಡಿಸದೆ, ತಾವೇ ‘ಟೆಕ್’ ತಯಾರಿಸಲು ಕೂತರು. ಅದರ ಮೇಲೆ ಕಟ್ಟಿದ ‘ಲೇಟೆಕ್’ ಇಂದಿಗೂ ಗಣಿತದವರ, ಪ್ರಬಂಧ ಬರೆಯುವವರ ಆಯ್ಕೆ. ಆದರೆ ಟೆಕ್‌ನ ಪೂರ್ಣ ಕಟ್ಟು ಹಲವು ಜಿಬಿ ಜಾಗ ತಿನ್ನುತ್ತದೆ, ಕನ್ನಡಕ್ಕೆ ಬೇರೆಯೇ ಎಂಜಿನ್ ಆರಿಸಬೇಕು. 2023ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಟೈಪ್‌ಸ್ಟ್ ಒಂದೇ ಒಂದು ಕಡತ. ಪದ್ಯದ ಪ್ರತಿಗೆ ಇದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಒಂದು ಸೂಚನೆ: ಪತ್ರಿಕೆಯಲ್ಲಿ ಓದಲು ಅನುಕೂಲವಾಗಲೆಂದು ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಸೆಟ್, ಲೆಟ್, ಬ್ಲಾಕ್ ಮುಂತಾದ ಇಂಗ್ಲಿಷ್ ಪದಗಳನ್ನು ನೀವು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪಿಸಬೇಕು.

ಹಂತ 1. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪಿಸುವ ಕಪ್ಪು ಕಿಟಕಿ) ತೆರೆದು ‘ವಿನ್‌ಗೆಟ್ ಇನ್‌ಸ್ಟಾಲ್ ಟೈಪ್‌ಸ್ಟ್’ ಎಂದು ಕೊಡಿ. ಮ್ಯಾಕ್‌ನಲ್ಲಾದರೆ ‘ಬ್ರ್ಯೂ ಇನ್‌ಸ್ಟಾಲ್ ಟೈಪ್‌ಸ್ಟ್’. ಜೊತೆಗೆ ಗೂಗಲ್ ಫಾಂಟ್ಸ್‌ನಿಂದ ‘ನೋಟೋ ಸೆರಿಫ್ ಕನ್ನಡ’ ಇಳಿಸಿ, ಇನ್‌ಸ್ಟಾಲ್ ಮಾಡಿಕೊಳ್ಳಿ. ‘ಟೈಪ್‌ಸ್ಟ್ ಫಾಂಟ್ಸ್’ ಎಂದು ಕೊಟ್ಟರೆ ಅದಕ್ಕೆ ಕಾಣುವ ಫಾಂಟುಗಳ ಪಟ್ಟಿ ಬರುತ್ತದೆ. ಅದರಲ್ಲಿ ನಿಮ್ಮದು ಇದೆಯೇ ನೋಡಿ.

ಹಂತ 2. ಪದ್ಯಗಳು ಯೂನಿಕೋಡ್‌ನಲ್ಲಿರಬೇಕು. ಹಿಂದೆ ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್‌ಗೆಂದು ಮಾಡಿಸಿದ ಕಡತವಾದರೆ, ನೋಟ್‌ಪ್ಯಾಡಿಗೆ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅಂಥದ್ದನ್ನು ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಜಾಗ ತಪ್ಪುವುದುಂಟು, ಒಮ್ಮೆ ಕಣ್ಣಾಡಿಸಿ.

ಹಂತ 3. ಒಂದು ಫೋಲ್ಡರಿನಲ್ಲಿ ಹೊಸ ಕಡತ ಮಾಡಿ ‘ಪ್ರಸಂಗ.ಟೈಪ್’ ಎಂದು ಉಳಿಸಿ. ಹೆಸರು ಇಂಗ್ಲಿಷ್‌ನಲ್ಲಿದ್ದರೆ ಕಪ್ಪು ಕಿಟಕಿಯಲ್ಲಿ ಟೈಪಿಸಲು ಸುಲಭ. ಬಾಲದಲ್ಲಿ ಚುಕ್ಕೆಯ ನಂತರ ಟಿ, ವೈ, ಪಿ ಮೂರೇ ಅಕ್ಷರ. ನೋಟ್‌ಪ್ಯಾಡ್ ತಾನಾಗಿ ‘ಟಿಎಕ್ಸ್‌ಟಿ’ ಸೇರಿಸದಿರಲು ಉಳಿಸುವಾಗ ‘ಆಲ್ ಫೈಲ್ಸ್’ ಆರಿಸಿ. ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಮೊದಲ ಎರಡು ಸಾಲು ಹೀಗೆ:

#ಸೆಟ್ ಪೇಜ್(ಪೇಪರ್: "ಎ5", ಮಾರ್ಜಿನ್: 1.5ಸಿಎಂ, ನಂಬರಿಂಗ್: "1")
#ಸೆಟ್ ಟೆಕ್ಸ್ಟ್(ಫಾಂಟ್: "ನೋಟೋ ಸೆರಿಫ್ ಕನ್ನಡ", ಸೈಜ್: 16ಪಿಟಿ, ಲ್ಯಾಂಗ್: "ಕೆಎನ್")

ಫಾಂಟಿನ ಹೆಸರು ಮಾತ್ರ ಪಟ್ಟಿಯಲ್ಲಿ ಕಂಡಂತೆಯೇ ಇರಬೇಕು.

ಹಂತ 4. ಇದೇ ಮುಖ್ಯವಾದದ್ದು, ಖುಷಿಯದ್ದೂ ಹೌದು. ಟೈಪ್‌ಸ್ಟ್‌ನಲ್ಲಿ ನಮ್ಮದೇ ಆದೇಶ ಮಾಡಿಕೊಳ್ಳಬಹುದು, ಅದರ ಹೆಸರು ಅಚ್ಚ ಕನ್ನಡದಲ್ಲೇ ಇರಬಹುದು:

#ಲೆಟ್ ಪದ್ಯ(ರಾಗ, ತಾಳ, ಸಾಲು) = ಬ್ಲಾಕ್(ಬ್ರೇಕಬಲ್: ಫಾಲ್ಸ್)[
#ಅಲೈನ್(ಸೆಂಟರ್)[*#ರಾಗ #ತಾಳ*]
#ಸಾಲು
]

ಇಲ್ಲಿ ಪದ್ಯ, ರಾಗ, ತಾಳ, ಸಾಲು ನಾಲ್ಕನ್ನೂ ಕನ್ನಡದಲ್ಲೇ ಟೈಪಿಸಿ. ‘ಬ್ರೇಕಬಲ್: ಫಾಲ್ಸ್’ ಎಂದರೆ ಈ ಕಟ್ಟನ್ನು ಒಡೆಯಬೇಡ ಎಂದು. ಪುಟದಲ್ಲಿ ಜಾಗ ಸಾಲದಿದ್ದರೆ ಪದ್ಯ ಇಡಿಯಾಗಿ ಮುಂದಿನ ಪುಟಕ್ಕೆ ಹೋಗುತ್ತದೆ. ರಾಗ, ತಾಳದ ಹೆಸರು ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ, ನಡುವಿಗೆ ಬರುತ್ತದೆ. ನಾಳೆ ಅದು ಎಡಕ್ಕಿರಲಿ ಅನ್ನಿಸಿದರೆ ‘ಸೆಂಟರ್’ ಬದಲು ‘ಲೆಫ್ಟ್’ ಎಂದು ಒಂದು ಕಡೆ ತಿದ್ದಿದರಾಯಿತು, ನೂರು ಪದ್ಯವಿದ್ದರೂ ಎಲ್ಲವೂ ಸರಿಯುತ್ತವೆ.

ಹಂತ 5. ಇನ್ನು ಪದ್ಯಗಳನ್ನು ತುಂಬುತ್ತ ಹೋಗಿ:

#ಪದ್ಯ[ಭೈರವಿ][ಝಂಪೆ][
ಮೊದಲ ಸಾಲು \
ಎರಡನೇ ಸಾಲು
]

ಕೊನೆಯದೊಂದನ್ನು ಬಿಟ್ಟು ಪ್ರತಿ ಸಾಲಿನ ಕೊನೆಗೆ ಆ ಓರೆಗೆರೆ ಬೇಕೇ ಬೇಕು. ಬಿಟ್ಟರೆ ಗದ್ಯದ ಹಾಗೆ ಸಾಲುಗಳು ಕೂಡಿಕೊಂಡು, ಭಾಮಿನಿ ಷಟ್ಪದಿಯ ಆರು ಸಾಲು ಎಲ್ಲಿ ಮುರಿಯಿತೆಂದೇ ತಿಳಿಯದು. ಭಾಮಿನಿಯ ಮೂರನೇ, ಆರನೇ ಸಾಲಿಗೆ 23 ಮಾತ್ರೆ, ಉಳಿದವಕ್ಕೆ 14. ಆದ್ದರಿಂದ ಆ ಎರಡು ಉದ್ದ ಸಾಲು ಪುಟದ ಅಗಲಕ್ಕೆ ಹಿಡಿಯುತ್ತವೆಯೇ ನೋಡಿ ಅಕ್ಷರದ ಗಾತ್ರ ನಿಶ್ಚಯಿಸಿ.

ಇಲ್ಲೊಂದು ಹೊಂಡವಿದೆ. ಮೊಬೈಲಿನಲ್ಲಿ ನೆಟ್ಟಗೆರೆ (|) ಸಿಗುವುದಿಲ್ಲವೆಂದು ಎಷ್ಟೋ ಮಂದಿ ಪದ್ಯದ ಕೊನೆಗೆ //೧// ಎಂದು ಬರೆಯುತ್ತಾರೆ. ಟೈಪ್‌ಸ್ಟ್‌ಗೆ ಈ ಜೋಡಿ ಓರೆಗೆರೆ ಕಂಡರೆ ‘ಇಲ್ಲಿಂದಾಚೆ ಟಿಪ್ಪಣಿ, ಅಚ್ಚು ಹಾಕಬೇಡ’ ಎಂದರ್ಥ. ಸಂಖ್ಯೆಯೂ ಮಾಯ; ಮುಚ್ಚುವ ಕಂಸ ಅದೇ ಸಾಲಿನಲ್ಲಿದ್ದರೆ ಅದೂ ಮಾಯವಾಗಿ ಕೆಲಸವೇ ನಿಲ್ಲುತ್ತದೆ. ‘ರಿಪ್ಲೇಸ್’ ಬಳಸಿ ಎಲ್ಲವನ್ನೂ ||೧|| ಮಾಡಿಕೊಳ್ಳಿ.

ಹಂತ 6. ಫೋಲ್ಡರ್ ತೆರೆದು, ಮೇಲಿನ ವಿಳಾಸ ಪಟ್ಟಿಯಲ್ಲಿ ‘ಸಿಎಂಡಿ’ ಎಂದು ಟೈಪಿಸಿ ಎಂಟರ್ ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಅಲ್ಲೇ ತೆರೆಯುತ್ತದೆ. ‘ಟೈಪ್‌ಸ್ಟ್ ಕಂಪೈಲ್ ಪ್ರಸಂಗ.ಟೈಪ್’ ಎಂದು ಕೊಡಿ. ಪಕ್ಕದಲ್ಲೇ ಅದೇ ಹೆಸರಿನ ಪಿಡಿಎಫ್ ಹುಟ್ಟುತ್ತದೆ. ತಪ್ಪಿದ್ದರೆ ಯಾವ ಸಾಲಿನಲ್ಲಿ ಎಂದು ಅದೇ ತೋರಿಸುತ್ತದೆ. ಆ ಕಪ್ಪು ಕಿಟಕಿಯಲ್ಲಿ ಕನ್ನಡದ ಒತ್ತಕ್ಷರ ಒಡೆದಂತೆ ಕಂಡರೆ ಗಾಬರಿ ಬೇಡ, ಪಿಡಿಎಫ್ ನೋಡಿ.

‘ಕಂಪೈಲ್’ ಬದಲು ‘ವಾಚ್’ ಎಂದರೆ ಇನ್ನೂ ಆರಾಮ: ಕಡತ ಉಳಿಸಿದಾಗಲೆಲ್ಲ ಪಿಡಿಎಫ್ ತಾನೇ ಹೊಸದಾಗುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಕೆಲವು ಪಿಡಿಎಫ್ ರೀಡರ್‌ಗಳು ತೆರೆದ ಕಡತವನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಬ್ರೌಸರಿನಲ್ಲೇ ತೆರೆದಿಟ್ಟುಕೊಳ್ಳಿ.

ಪ್ರಸಂಗದ ಕಥಾಸಾರ ಗದ್ಯದಲ್ಲಿದ್ದರೆ ಎರಡೂ ಅಂಚು ಸಮ ಮಾಡುವ ಆಸೆ ಬೇಡ ಎಂದೇ ಹೇಳುತ್ತೇನೆ. ನಮ್ಮ ಉದ್ದುದ್ದ ಸಮಾಸಪದಗಳ ನಡುವೆ ಬಿಳಿ ಜಾಗ ಬಾಯಿ ಬಿಡುತ್ತದೆ. ಮಾಡಲೇಬೇಕೆಂದರೆ, ಪದ ಮುರಿಯಬಹುದಾದಲ್ಲಿ -? ಎಂದು ಸೇರಿಸಿ. ಅಗತ್ಯ ಬಿದ್ದರೆ ಮಾತ್ರ ಅಲ್ಲಿ ಅಡ್ಡಗೆರೆ ಬರುತ್ತದೆ.

ಮುದ್ರಿಸುವಾಗ ಪ್ರಿಂಟ್ ಕಿಟಕಿಯಲ್ಲಿ ‘ಬುಕ್‌ಲೆಟ್’ ಆಯ್ಕೆಯಿದ್ದರೆ ಒಂದು ಎ4 ಹಾಳೆಯ ಎರಡೂ ಮಗ್ಗುಲಿಗೆ ನಾಲ್ಕು ಪುಟ ಕೂರುತ್ತವೆ. ನಡುವೆ ಮಡಚಿ ಪಿನ್ ಹೊಡೆದರಾಯಿತು. ಒಟ್ಟು ಪುಟ ನಾಲ್ಕರ ಲೆಕ್ಕಕ್ಕೆ ಬಾರದಿದ್ದರೆ ಕೊನೆಯಲ್ಲಿ ಖಾಲಿ ಪುಟ ಉಳಿಯುತ್ತದೆ. ಯಾವ ಪಾತ್ರದ ಅರ್ಥ (ಮಾತುಗಾರಿಕೆ) ಯಾರದು ಎಂದು ಅಲ್ಲಿ ಬರೆದುಕೊಳ್ಳಬಹುದು.